ಇಸ್ತ್ರಿಯಣ್ಣ ಮತ್ತು ಖಾಲಿ ಜೇಬಿನ ಲೀಡರ್

ನಮ್ಮ ಭಾವನಿಗೆ ಜನರ ಮುಖ ನೆನಪಿರುವುದಿಲ್ಲ, ಕಾಲರು ನೆನಪಿರುತ್ತದೆ. ದಾರಿಯಲ್ಲಿ ಯಾರಾದರೂ ಕೈಯೆತ್ತಿ ಮಾತಾಡಿಸಿದರೆ ಅವರ ಕಣ್ಣು ಮೊದಲು ಎದುರಿನವರ ಕುತ್ತಿಗೆಗೆ ಹೋಗುತ್ತದೆ. ‘ಓ, ನೀಲಿ ಗೆರೆ, ಮೇಲಿನ ಗುಂಡಿ ಬೇರೆ ಬಣ್ಣದ್ದು’ ಎಂದು ಗುರುತು ಹತ್ತಿದ ಮೇಲೆ ಮುಖಕ್ಕೆ ನಗು ಬರುತ್ತದೆ. ಹೊಸ ಅಂಗಿ ತೊಟ್ಟು ಹೋದರೆ ನನ್ನನ್ನೂ ಗುರುತಿಸಲಾರರೇನೋ. ಪರೀಕ್ಷೆ ಮಾಡಿ ನೋಡೋಣವೆಂದರೆ ನನ್ನ ಹತ್ತಿರ ಹೊಸ ಅಂಗಿ ಇಲ್ಲ. ನಾನು ವಾರಪತ್ರಿಕೆಗೆ ನಗೆಬರಹ ಬರೆಯುವವನು.

ಭಾವ ಎಂದರೆ ನನ್ನ ಅಕ್ಕನ ಗಂಡ. ಬೀದಿಗೆಲ್ಲ ಇಸ್ತ್ರಿಯಣ್ಣ. ಬೀದಿ ತಿರುಗುವ ಮೂಲೆಯಲ್ಲಿ, ಒಂದು ಮಹಡಿ ಮೆಟ್ಟಿಲಿನ ಕೆಳಗೆ ಅವರ ಅಂಗಡಿ. ನೆಟ್ಟಗೆ ನಿಂತರೆ ತಲೆ ತಾಗುತ್ತದೆ. ಹೇಗೂ ಬಗ್ಗಿ ಮಾಡುವ ಕೆಲಸವಾದ್ದರಿಂದ ತೊಂದರೆಯಿಲ್ಲ ಎನ್ನುತ್ತಾರೆ. ಹಳೆಯ ಕಂಬಳಿ ಹೊದ್ದ ಮೇಜು, ಹಿಡಿ ಸವೆದ ಇಸ್ತ್ರಿಪೆಟ್ಟಿಗೆ, ಮುಚ್ಚಳಕ್ಕೆ ತೂತು ಹೊಡೆದ ನೀರಿನ ಬಾಟಲಿ, ಮತ್ತು ಗೂಡಿನಲ್ಲಿ ಒಂದು ಬಿಸ್ಕತ್ತಿನ ಡಬ್ಬ. ಈ ಕತೆಯೆಲ್ಲ ಆ ಡಬ್ಬದ್ದೇ.

ಭಾವ ಮೊದಲು ದೊಡ್ಡ ಹೋಟೆಲೊಂದರ ನೆಲಮಾಳಿಗೆಯ ಲಾಂಡ್ರಿಯಲ್ಲಿದ್ದರು. ಅಲ್ಲೊಮ್ಮೆ ಯಾರದೋ ಕೋಟಿನ ಜೇಬಿನಲ್ಲಿ ಉಳಿದ ಪೆನ್ನು ಬಿಸಿಗೆ ಒಡೆದು, ಕೋಟಿನ ಜೊತೆಗೆ ಭಾವನ ಆ ತಿಂಗಳ ಸಂಬಳವನ್ನೂ ನೀಲಿ ಮಾಡಿತು. ಅಂದಿನಿಂದ ಜೇಬಿಗೆ ಕೈಹಾಕಿ ನೋಡದೆ ಬಟ್ಟೆಗೆ ನೀರು ಚಿಮುಕಿಸಿದವರಲ್ಲ. ಸಿಕ್ಕಿದ್ದು ಡಬ್ಬಕ್ಕೆ ಹೋಗುತ್ತದೆ. ಬಟ್ಟೆ ಕೊಡುವಾಗ ಡಬ್ಬದಿಂದ ತೆಗೆದು ವಾರಸುದಾರರ ಕೈಗೆ. ಅವರ ಕೈಗೇ, ಹೆಂಡತಿ ಕೈಗಲ್ಲ, ಮಗನ ಕೈಗಲ್ಲ. ಮತ್ತು ಏನು ಸಿಕ್ಕಿತೆಂದು ಮೂರನೆಯವರಿಗೆ ತುಟಿಪಿಟಕ್ಕೆನ್ನುವಂತಿಲ್ಲ. ಇದು ಅವರೇ ಮಾಡಿಕೊಂಡ ಕಾನೂನು. ಯಾವ ಸರ್ಕಾರದ ಕಾನೂನೂ ಇಷ್ಟು ಕಟ್ಟುನಿಟ್ಟಾಗಿ ನಡೆದದ್ದನ್ನು ನಾನು ಕಂಡಿಲ್ಲ.

ಅಕ್ಕನ ಮದುವೆಯಾದದ್ದೇ ಈ ಕಾನೂನಿನಿಂದ. ನಮ್ಮಪ್ಪನ ಕೋಟು ಒಮ್ಮೆ ಭಾವನ ಕೈಗೆ ಹೋಗಿತ್ತು. ಜೇಬಿನಲ್ಲಿ ಏನೋ ಸಿಕ್ಕಿತು. ಭಾವ ಮನೆಗೆ ಬಂದು, ಅಮ್ಮ ಬಾಗಿಲು ತೆಗೆದರೂ ‘ಯಜಮಾನರು ಬರೋವರೆಗೆ ಕಾಯ್ತೀನಿ’ ಎಂದು ಹೊರಗೇ ನಿಂತು, ಅಪ್ಪ ಬಂದ ಮೇಲೆ ಅಂಗೈಗೆ ಅಂಗೈ ಇಟ್ಟು ಕೊಟ್ಟು ಹೋದರು. ಅಪ್ಪ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಒಳಗೆ ಬಂದು, ‘ಹುಡುಗ ಚಿನ್ನದಂಥವನು, ನಮ್ಮ ಹುಡುಗೀನ ಕೊಟ್ಟುಬಿಡೋಣ’ ಎಂದರು. ಅದೇನಿತ್ತು ಎಂದು ಅಪ್ಪ ಸಾಯುವವರೆಗೂ ಹೇಳಲಿಲ್ಲ. ಭಾವ ಇವತ್ತಿಗೂ ಹೇಳಿಲ್ಲ. ಅಕ್ಕನ ಸಂಸಾರದಲ್ಲಿ ಜಗಳಕ್ಕೆ ಬೇರೆ ವಿಷಯ ಸಿಗದಿದ್ದಾಗ ಆ ಕೋಟು ಈಗಲೂ ಹೊರಗೆ ಬರುತ್ತದೆ.

ಇಂಥ ಭಾವನಿಗೆ ಚೀಟಿ ಎತ್ತಿದ್ದರಲ್ಲಿ ಹೆಸರು ಬಂತು.

ಆದದ್ದಿಷ್ಟು. ಜನಪ್ರತಿನಿಧಿಗಳು ತಮ್ಮ ಸಂಬಳವನ್ನು ತಾವೇ ಏರಿಸಿಕೊಂಡರು. ಬೆಳಿಗ್ಗೆ ಕೂತು ಮಧ್ಯಾಹ್ನದೊಳಗೆ ಎಲ್ಲ ಪಕ್ಷಗಳೂ ಕೈಯೆತ್ತಿ ಮುಗಿಸಿದ್ದವು. ಜನ ಬಾಯಿಗೆ ಬಂದಂತೆ ಬೈದರು. ಗಲಾಟೆ ತಣ್ಣಗಾಗದಿದ್ದಾಗ ಸರ್ಕಾರ ಒಂದು ಉಪಾಯ ಹೂಡಿತು: ಮತದಾರರ ಪಟ್ಟಿಯಿಂದ ಚೀಟಿ ಎತ್ತಿ ಸಾಮಾನ್ಯ ಜನರ ಸಮಿತಿ ಮಾಡುವುದು, ಪ್ರತಿನಿಧಿಗಳಿಗೆ ಎಷ್ಟು ಸಂಬಳ, ಏನೇನು ಭತ್ಯೆ, ಪಕ್ಷಗಳು ಯಾರಿಂದ ಹೇಗೆ ದುಡ್ಡು ಎತ್ತಬಹುದು ಎಂದು ಆ ಸಮಿತಿಯೇ ಹೇಳುವುದು. ಇಷ್ಟು ಒಳ್ಳೆಯ ಮಾತನ್ನು ಸರ್ಕಾರ ಆಡಿದ್ದೇ ಎಲ್ಲರಿಗೂ ಅನುಮಾನ ಹುಟ್ಟಿಸಿತು.

ಭಾವನ ಹೆಸರಿಗೆ ಬಂದ ಕಾಗದ ಟಪಾಲಿನಲ್ಲಿ ಮುದುರಿತ್ತು. ಅವರು ಮಾಡಿದ ಮೊದಲ ಕೆಲಸ, ಅದಕ್ಕೆ ಇಸ್ತ್ರಿ ಹಾಕಿದ್ದು.

“ನನ್ನನ್ನೇ ಯಾಕೆ ಕರೀತಾರೆ?” ಎಂದು ಕಾಗದವನ್ನು ಬೆಳಕಿಗೆ ಹಿಡಿದರು.

“ಚೀಟಿ ಎತ್ತಿದಾರೆ ಭಾವ. ಯಾರ ಹೆಸರಾದ್ರೂ ಬರ್ಬಹುದಿತ್ತು,” ಎಂದೆ.

“ಹಾಗಾದ್ರೆ ನಿಂದ್ಯಾಕೆ ಬರ್ಲಿಲ್ಲ?”

“ಅವನ ಹೆಸರು ಬಂದಿದ್ರೆ ಅವರೇ ಇನ್ನೊಂದು ಸಲ ಎತ್ತಿರ್ತಾರೆ,” ಎಂದಳು ಅಕ್ಕ, ಸೊಪ್ಪು ಸೋಸುತ್ತಾ. “ಹೋಗ್ರೀ, ಕೂತು ಬನ್ನಿ. ದಿನಕ್ಕಿಷ್ಟು ಅಂತ ಕೊಡ್ತಾರಂತೆ.”

“ಅದೇ ಕಣೇ ನಂಗೆ ಭಯ. ಕೊಡ್ತಾರೆ ಅಂದ್ರೆ ಏನೋ ಕೇಳ್ತಾರೆ.”

ಭಾವನಿಗೆ ಸರ್ಕಾರದ ಮೇಲೆ ಅನುಮಾನವಾದರೆ, ಬೀದಿಗೆ ಭಾವನ ಮೇಲೆ. ಅದನ್ನು ಹೊತ್ತಿಸಿದವರು ಎದುರುಮನೆಯ ರಿಟೈರ್ಡ್ ಮೇಷ್ಟ್ರು. ಗಣಿತ ಕಲಿಸಿದವರಾದ್ದರಿಂದ ಎಲ್ಲವನ್ನೂ ಕೂಡಿಸಿ ನೋಡುವ ಚಟ.

“ಇಷ್ಟು ಜನ ಇರೋ ಊರಲ್ಲಿ ಇವನ ಹೆಸರೇ ಬರಬೇಕಾ? ಲೀಡರ್ ಅಂಗಿ ಇಸ್ತ್ರಿ ಮಾಡೋದು ಯಾರು? ಕೂಡಿಸಿ ನೋಡಿ.”

ಲೀಡರ್ ಎಂದರೆ ನಮ್ಮ ಭಾಗದ ಪ್ರತಿನಿಧಿ. ಅವರ ಬಿಳಿ ಅಂಗಿಗಳು ಗಂಜಿ ಹಾಕಿಸಿಕೊಂಡು ಭಾವನ ಮೇಜಿಗೇ ಬರುವುದು ನಿಜ. ಲೀಡರಿಗೆ ಒಂದು ಪ್ರಸಿದ್ಧ ಭಂಗಿ ಇದೆ. ಎಲ್ಲಿ ಭಾಷಣ ಮಾಡಿದರೂ ಕೊನೆಯಲ್ಲಿ ಅಂಗಿಯ ಜೇಬಿನ ಬಾಯನ್ನು ಎರಡು ಬೆರಳಿನಿಂದ ಹಿಗ್ಗಿಸಿ ಜನರ ಕಡೆ ಬಾಗುತ್ತಾರೆ: “ನೋಡಿ, ಖಾಲಿ! ನಿಮ್ಮ ಪ್ರೀತಿ ಬಿಟ್ಟರೆ ಇದರಲ್ಲಿ ಇನ್ನೇನೂ ಇಲ್ಲ.” ಅದು ನಿಜವೋ ಸುಳ್ಳೋ ಎಂದು ಹೇಳಬಲ್ಲ ಮನುಷ್ಯ ಭೂಮಿಯ ಮೇಲೆ ಒಬ್ಬರೇ. ಅವರು ಹೇಳುವುದಿಲ್ಲ.

ಮೇಷ್ಟ್ರ ಲೆಕ್ಕ ಬೀದಿಯ ತುಂಬ ಹರಡಿತು. ಜನ ಬಟ್ಟೆ ಕೊಡುವುದನ್ನೇನೂ ನಿಲ್ಲಿಸಲಿಲ್ಲ. ಅಕ್ಕಪಕ್ಕದ ಬೀದಿಯಲ್ಲಿ ಇನ್ನೊಂದು ಇಸ್ತ್ರಿ ಅಂಗಡಿ ಇರಲಿಲ್ಲ. ಆದರೆ ಕೊಡುವ ಮೊದಲು ಜೇಬು ಕೊಡವತೊಡಗಿದರು. ಭಾವನ ಎದುರಿಗೇ. “ಎಲ್ಲಾ ತೆಗೆದಿದೀನಪ್ಪಾ, ನೋಡ್ಕೋ,” ಎನ್ನುವರು. ಮೇಷ್ಟ್ರಂತೂ ಕೋಟಿನ ಜೇಬುಗಳನ್ನೆಲ್ಲ ಹೊರಗೆಳೆದು, ನಾಯಿಯ ಕಿವಿಯ ಹಾಗೆ ಜೋಲು ಬಿಟ್ಟು ತಂದಿಡುವರು. ಡಬ್ಬದಲ್ಲಿ ಸದ್ದೇ ಇಲ್ಲ.

“ಒಳ್ಳೇದೇ ಆಯ್ತಲ್ಲ ಭಾವ, ಕೆಲಸ ಕಡಿಮೆ,” ಎಂದೆ.

ಭಾವ ಡಬ್ಬ ಅಲ್ಲಾಡಿಸಿ ನೋಡಿ ಗೂಡಿಗಿಟ್ಟರು. “ಜೇಬಲ್ಲಿ ಏನಾದ್ರೂ ಮರೆತು ಕೊಡ್ತಾರೆ ಅಂದ್ರೆ ನಂಬಿ ಕೊಡ್ತಾರೆ ಅಂತ ಕಣೋ. ಈಗ ಬಟ್ಟೆ ಮಾತ್ರ ಕೊಡ್ತಿದಾರೆ.”



ಸಮಿತಿ ಶನಿವಾರಗಳಂದು ಲೈಬ್ರರಿಯ ಮಹಡಿಯಲ್ಲಿ ಸೇರುತ್ತಿತ್ತು. ಉದ್ದನೆಯ ಮೇಜು, ಅರ್ಧ ಮಾತ್ರ ತೆರೆಯುವ ಕಿಟಕಿ, ಹಿಂದೆ ಸಾರ್ವಜನಿಕರಿಗೆಂದು ಎರಡು ಸಾಲು ಬೆಂಚು. ಆ ಬೆಂಚಿನ ಮೇಲೆ ನಾನೂ ಒಬ್ಬ ಕಾಯಂ ಸಾರ್ವಜನಿಕ; ಮನೆಯಲ್ಲಿ ಬರೆಯುತ್ತಾ ಕೂರುವುದಕ್ಕಿಂತ ಅಲ್ಲಿ ಕೂರುವುದು ಮನೆಯವರೆಲ್ಲರಿಗೂ ಅನುಕೂಲವಾಗಿತ್ತು. ಅಧ್ಯಕ್ಷತೆ ನಿವೃತ್ತ ನ್ಯಾಯಾಧೀಶೆಯದು. ಎಲ್ಲರ ಬಾಯಲ್ಲಿ ಜಡ್ಜಮ್ಮ.

ಮೊದಲ ದಿನ ಟೀ ಬಂತು. ಯಾರೂ ಮುಟ್ಟಲಿಲ್ಲ.

“ಈ ಟೀಗೆ ದುಡ್ಡು ಕೊಟ್ಟೋರು ಯಾರು?” ಎಂದು ಕೇಳಿದರು ಸಮಿತಿಯಲ್ಲಿದ್ದ ಬಸ್ ಡ್ರೈವರಮ್ಮ.

“ಸರ್ಕಾರ,” ಎಂದ ಸಮಿತಿಯ ಗುಮಾಸ್ತ.

“ಸರ್ಕಾರದಲ್ಲಿ ಯಾರು?”

ಗುಮಾಸ್ತನಿಗೆ ಗೊತ್ತಿರಲಿಲ್ಲ. ಮುಂದಿನ ವಾರದಿಂದ ಎಲ್ಲರೂ ತಂತಮ್ಮ ಫ್ಲಾಸ್ಕು ತಂದರು. ಅದರ ಮುಂದಿನ ವಾರ, ಒಬ್ಬರ ಫ್ಲಾಸ್ಕಿನದು ಇನ್ನೊಬ್ಬರು ಕುಡಿಯಬಾರದು ಎಂಬ ಠರಾವು ಬಂತು. ಯಾರಿಗೆ ಯಾರಿಂದ ಏನು ಬಂದರೂ ಸಭೆಯಲ್ಲಿ ಹೇಳಬೇಕು ಎಂಬ ನಿಯಮವೂ ಆಗಲೇ ಆದದ್ದು.

ಅದಾದ ಮೇಲೆ ಸದಸ್ಯರ ದಿನಭತ್ಯೆಯ ವಿಷಯ ಬಂತು. ಇಡೀ ಒಂದು ಶನಿವಾರ ಚರ್ಚೆ ಮಾಡಿ, ಸರ್ಕಾರ ಕೊಡುವುದು ಏನೇನೂ ಸಾಲದು, ಹೆಚ್ಚಿಸಬೇಕು ಎಂದು ಒಮ್ಮತದಿಂದ ತೀರ್ಮಾನಿಸಿದರು. ಎಲ್ಲರ ಕೈಯೂ ಮೇಲಿತ್ತು. ಆಗ ಡ್ರೈವರಮ್ಮ, ಎತ್ತಿದ ತಮ್ಮ ಕೈಯನ್ನೇ ನೋಡಿಕೊಂಡು, “ಅಯ್ಯಯ್ಯೋ, ನಾವೂ ಅದನ್ನೇ ಮಾಡಿಬಿಟ್ವಲ್ರೀ!” ಎಂದರು. ಕೈಗಳು ಒಂದೊಂದಾಗಿ ಇಳಿದವು. ಬ್ಯಾಂಕಿನ ಕ್ಯಾಷಿಯರದು ಎಲ್ಲಕ್ಕಿಂತ ನಿಧಾನವಾಗಿ ಇಳಿಯಿತು.

ಈ ಕ್ಯಾಷಿಯರಿಗೆ ಪ್ರತಿನಿಧಿಗಳಿಗೆ ಸಂಬಳವೇ ಬೇಡ, ಸೇವೆ ಎಂದ ಮೇಲೆ ಸೇವೆ ಎಂಬ ವಾದ. ಅದುವರೆಗೆ ಬಾಯಿ ತೆರೆಯದಿದ್ದ ಭಾವ ಅಂದು, “ಕೂಲಿ ಕೊಡದೆ ಬಟ್ಟೆ ರಾಶಿ ಹಾಕಿ ಹೋದ್ರೆ ನಾನು ಬಟ್ಟೆಯಿಂದ್ಲೇ ವಸೂಲು ಮಾಡ್ಕೋಬೇಕಾಗುತ್ತೆ ಸಾರ್,” ಎಂದುಬಿಟ್ಟರು. ಎಲ್ಲರೂ ನಕ್ಕರು. ಗುಮಾಸ್ತ ಬರೆದುಕೊಂಡ.

“ನಾನು ಹೇಳಿದ್ದನ್ನ ಬರ್ಕೊಂಡ್ರು ಕಣೇ,” ಎಂದರು ಮನೆಗೆ ಬಂದು.

“ಏನು, ಲಾಂಡ್ರಿ ಲೆಕ್ಕಾನಾ?” ಎಂದಳು ಅಕ್ಕ. ಆದರೂ ಆ ರಾತ್ರಿ ಎರಡನೆಯ ಸಲ ಸಾರು ಬಡಿಸಿದ್ದನ್ನು ನಾನು ಗಮನಿಸಿದೆ. ಭಾವ ಶನಿವಾರದ ಅಂಗಿಗೆ ಶುಕ್ರವಾರವೇ ಇಸ್ತ್ರಿ ಹಾಕಿಡತೊಡಗಿದರು.

ಹೀಗಿರುವಾಗ ಒಂದು ವಾರ ಅಂಗಡಿಗೆ ಹೋದರೆ, ಡಬ್ಬ ಗೂಡಿನಲ್ಲಿ ಗೋಡೆಗೆ ಮುಖ ಮಾಡಿ ಕೂತಿತ್ತು. ಆ ಶನಿವಾರ ಭಾವ ಸಭೆ ಶುರುವಾದ ಕೂಡಲೇ ಎದ್ದು ನಿಂತರು.

“ಒಂದು ವಿಷಯ ಹೇಳ್ಬೇಕು. ಒಂದು ಜೇಬಲ್ಲಿ ಮಡಿಸಿದ ನೋಟು ಸಿಕ್ಕಿದ್ವು. ದೊಡ್ಡ ನೋಟುಗಳು. ಬಟ್ಟೆ ಯಾರದೋ ಅವರ ಕೈಗೇ ವಾಪಸ್ ಕೊಡೋಕೆ ಹೋದೆ. ‘ಇದು ನಂದಲ್ಲಪ್ಪ, ನೀನೇ ಇಟ್ಕೋ’ ಅಂದ್ರು. ಈಗ ಅದು ನನ್ನ ಡಬ್ಬದಲ್ಲಿದೆ. ಏನು ಬಂದ್ರೂ ಹೇಳ್ಬೇಕು ಅಂತ ನಿಯಮ. ಹೇಳಿದೀನಿ.”

ಕೂರಲು ಹೋದರು. ಜಡ್ಜಮ್ಮ ಬಿಡಲಿಲ್ಲ.

“ಯಾರ ಜೇಬು?”

“ಅದು ಹೇಳೋಕಾಗಲ್ಲಮ್ಮ. ಜೇಬಲ್ಲಿ ಕಂಡಿದ್ದನ್ನ ನಾನು ಯಾರಿಗೂ ಹೇಳಲ್ಲ.”

“ರಾಜಕೀಯದವರದಾ? ಹೌದು ಇಲ್ಲ ಅಷ್ಟು ಹೇಳಿ ಸಾಕು.”

“ಹೌದು ಅಂದ್ರೆ ಹೆಸರು ಹೇಳಿದ ಹಾಗೆ. ಇಲ್ಲ ಅಂದ್ರೆ ಮಿಕ್ಕೋರ ಮೇಲೆ ಹೇಳಿದ ಹಾಗೆ. ನಂಗೆ ಎರಡೂ ಬರಲ್ಲ.”

“ನಾಟಕ!” ಎಂದರು ಕ್ಯಾಷಿಯರು. “ಇದು ಲಂಚ. ಲಂಚ ತಗೊಂಡು ಅರ್ಧ ಹೇಳಿ ಅರ್ಧ ಮುಚ್ಚಿಡ್ತಿದಾರೆ.”

“ತಗೊಳ್ಳೋ ಹಾಗಿದ್ರೆ ಪೂರ್ತಿ ಮುಚ್ಚಿಡಬಹುದಿತ್ತಲ್ರೀ, ಯಾರು ಕೇಳ್ತಿದ್ರು?” ಎಂದರು ಡ್ರೈವರಮ್ಮ.

“ಅದೇ ನಾಟಕ ಅನ್ನೋದು!”

ಜಡ್ಜಮ್ಮ ಕನ್ನಡಕ ತೆಗೆದು ಒರೆಸಿದರು. ಮುಂದಿನ ಶನಿವಾರದೊಳಗೆ ಹೆಸರು ಹೇಳಬೇಕು, ಇಲ್ಲವಾದರೆ ಜಾಗ ಬಿಡಬೇಕು ಎಂದರು. ಬಿಟ್ಟರೆ, ‘ಹಣ ಕೊಟ್ಟವರ ಹೆಸರು ಹೇಳಲು ಒಪ್ಪದ ಕಾರಣ’ ಎಂದು ಕಡತದಲ್ಲಿ ಬರೆಯಬೇಕಾಗುತ್ತದೆ, ಅದು ಪತ್ರಿಕೆಗೂ ಹೋಗುತ್ತದೆ ಎಂದೂ ಮೆತ್ತಗೆ ತಿಳಿಸಿದರು. ಹೇಳಿದರೆ ಭಾವನ ಕಾನೂನು ಹೋಯಿತು. ಹೇಳದಿದ್ದರೆ ಭಾವನ ಹೆಸರೇ ಹೋಯಿತು.

ಸುದ್ದಿ ನಮಗಿಂತ ಮುಂಚೆ ಬೀದಿಗೆ ಬಂದಿತ್ತು. ಅಲ್ಲಿ ಇನ್ನೊಂದು ಬಗೆಯ ನಡುಕ. ಲೀಡರ್ ಜೇಬೇ ಇರಬೇಕು ಎಂದು ಎಲ್ಲರೂ ಅಂದುಕೊಂಡರು. ಆದರೆ ಪ್ರತಿಯೊಬ್ಬನಿಗೂ, ದುಡ್ಡು ಬೇಡವೆಂದವನು ತಾನಲ್ಲವೆಂದು ಗೊತ್ತಿದ್ದರೂ, ಅಕಸ್ಮಾತ್ ನನ್ನದೇ ಆಗಿದ್ದರೆ ಎಂಬ ಹುಳ ತಲೆ ಹೊಕ್ಕಿತು. ಒಬ್ಬೊಬ್ಬರಾಗಿ ಮೆಟ್ಟಿಲ ಕೆಳಗೆ ಬಗ್ಗಿದರು.

“ನಂದಲ್ಲ ತಾನೆ?” ಎಂದು ಚಪ್ಪಲಿ ಅಂಗಡಿಯವ ಪಿಸುಗುಟ್ಟಿದ. “ನಂದೇ ಆಗಿದ್ರೂ ನಮ್ಮನೆಯವಳಿಗೆ ಗೊತ್ತಾಗೋದು ಬೇಡ ಇಸ್ತ್ರಿಯಣ್ಣ.”

ಇನ್ನೊಬ್ಬ, “ನಂದೇ ಇರ್ಬಹುದೇನೋ, ಸರಿಯಾಗಿ ನೆನಪಿಲ್ಲ. ಎಷ್ಟಿತ್ತು ಹೇಳು, ನೆನಪಾಗುತ್ತೆ,” ಎಂದ. ಅವನ ನೆನಪಿಗೆ ಭಾವ ನೆರವಾಗಲಿಲ್ಲ.

ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡು ಬಂದರು. “ಯಾರು ಅಂತ ನಾನು ಕೇಳಲ್ಲ. ಅಂಗಿ ಬಿಳೀದಾ ಬಣ್ಣದ್ದಾ, ಅಷ್ಟು ಹೇಳು. ಮಿಕ್ಕಿದ್ದು ನಾನು ಕೂಡಿಸ್ಕೊತೀನಿ.”

“ಮೇಷ್ಟ್ರೇ, ನಿಮ್ಮ ಕೋಟು ನಾಳೆ ಕೊಡ್ತೀನಿ,” ಎಂದರು ಭಾವ.

ಎಲ್ಲರೂ ಹೋದ ಮೇಲೆ ನಾನೂ ಬಗ್ಗಿದೆ. “ಭಾವ, ನಂದಂತೂ ಅಲ್ಲ ತಾನೆ?”

“ನಿನ್ನ ಜೇಬಲ್ಲಿ ತೂತು ಬಿಟ್ಟು ಇದುವರೆಗೆ ಏನೂ ಸಿಕ್ಕಿಲ್ಲ ಕಣೋ. ನಿಂದು ಅಂತ ನಿಂಗೆ ಮಾತ್ರ ಹೇಳ್ತಿದೀನಿ. ಬೇರೆಯವರಿಗೆ ಹೇಳಲ್ಲ.”

ಲೀಡರ್ ಅಂಗಿಗಳು ಎಂದಿನಂತೆ ಬಂದವು. ಬರದಿದ್ದರೆ ಬೀದಿ ಅರ್ಥ ಮಾಡಿಕೊಳ್ಳುತ್ತಿತ್ತು. ಬಂದದ್ದಕ್ಕೂ ಒಂದು ಅರ್ಥ ಮಾಡಿಕೊಂಡಿತು. “ನೋಡಿ, ಏನೂ ಆಗಿಲ್ಲ ಅನ್ನೋ ಥರ ಕಳಿಸಿದಾನೆ!” ಎಂದರು ಮೇಷ್ಟ್ರು. ಬೇಕೆಂದೇ ಇಟ್ಟ ದುಡ್ಡು ಎಂದು ಕೆಲವರು, ಮರೆತ ದುಡ್ಡೇ, ಆದರೆ ತನ್ನದೆಂದರೆ ಎಲ್ಲಿಂದ ಬಂತು ಎಂದು ಹೇಳಬೇಕಾಗುತ್ತದೆಂದು ಬೇಡವೆಂದಿರಬೇಕು ಎಂದು ಕೆಲವರು. ಇಸ್ತ್ರಿಯಣ್ಣ ಅರ್ಧ ಎತ್ತಿಟ್ಟುಕೊಂಡು ಅರ್ಧದ ಬಗ್ಗೆ ಹೇಳಿದ್ದಾನೆ ಎಂದೂ ಒಂದು ಮಾತು ಬಂತು. ಅದು ಅಕ್ಕನ ಕಿವಿಗೆ ಬಿದ್ದಾಗ ಅವಳು ಒಲೆ ಆರಿಸಿ ಬಂದು ಗಂಡನ ಎದುರು ಕೂತಳು.

“ಹೇಳಿಬಿಡ್ರೀ.”

“ಹೇಳಿದ್ರೆ ನಾಳೆ ಬಟ್ಟೆ ಯಾರು ಕೊಡ್ತಾರೆ?”

“ಹೇಳದಿದ್ರೆ ಪೇಪರಲ್ಲಿ ಬರುತ್ತೆ. ಆಗ ಯಾರು ಕೊಡ್ತಾರೆ?”

“ಅದಕ್ಕೇ ಅನ್ನ ಇಳೀತಿಲ್ಲ.”

“ಆ ಹೆಸರು ಬೇಡ, ಹೋಗ್ಲಿ. ನಮ್ಮಪ್ಪನ ಕೋಟಲ್ಲಿ ಏನಿತ್ತು ಅದನ್ನಾದ್ರೂ ಹೇಳಿ. ಬಾಯಿಗೆ ಅಭ್ಯಾಸ ಆಗ್ಲಿ.”

ಭಾವ ನಗಲಿಲ್ಲ. ತಟ್ಟೆ ತೆಗೆದುಕೊಂಡು ಎದ್ದರು. ಅಕ್ಕ ನನ್ನ ಕಡೆ ತಿರುಗಿ, “ಒಂದು ಜೇಬಿಗೋಸ್ಕರ ಈ ಮನುಷ್ಯ ಸವೆದು ಹೋಗ್ತಿದಾರೆ ಕಣೋ,” ಎಂದಳು. ಅವಳ ಕಣ್ಣು ತುಂಬಿತ್ತು.

ಶುಕ್ರವಾರ ಅಂಗಡಿಗೆ ಹೋದಾಗ ಮೇಜಿನ ಮೇಲೆ ಒಂದು ಬಿಳಿ ಅಂಗಿ ಮಲಗಿತ್ತು. ಭಾವ ಅದರ ತೋಳು, ಬೆನ್ನು ಎಲ್ಲ ಮುಗಿಸಿ, ಎದೆಯ ಭಾಗದ ಮೇಲೆ ಇಸ್ತ್ರಿಪೆಟ್ಟಿಗೆ ಹಿಡಿದು ಯೋಚಿಸುತ್ತಾ ನಿಂತಿದ್ದರು. ನನ್ನನ್ನು ಕಂಡದ್ದೇ, “ಹೋಗಿ ಇಬ್ಬರಿಗೂ ಟೀ ತಗೊಂಡು ಬಾ,” ಎಂದು ದುಡ್ಡು ಕೊಟ್ಟರು. ಭಾವ ನನಗೆ ಟೀ ಕೊಡಿಸಿದ ಇತಿಹಾಸವಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಪುಕ್ಕಟೆ ಟೀ ಎಂಬ ಸಂಭ್ರಮದಲ್ಲಿ ಬರಲಿಲ್ಲ. ವಾಪಸು ಬರುವಷ್ಟರಲ್ಲಿ ಅಂಗಿಗೆ ಇನ್ನೊಂದು ಕೈ ಗಂಜಿ ನೀರು ಬಿದ್ದು, ಹಲಗೆಯಂತೆ ಸೆಟೆದು, ಕಾಗದದಲ್ಲಿ ಸುತ್ತಿಯಾಗಿತ್ತು. ಸುತ್ತಿದ್ದು ನನ್ನ ನಗೆಬರಹ ಬಂದ ಪುಟದಲ್ಲಿ. ಗೂಡಿನ ಡಬ್ಬ ಮತ್ತೆ ಬೀದಿಗೆ ಮುಖ ಮಾಡಿ ಕೂತಿತ್ತು.

ಶನಿವಾರ ಲೈಬ್ರರಿಯ ಮಹಡಿ ತುಂಬಿತ್ತು. ಮೇಷ್ಟ್ರು ಮುಂದಿನ ಬೆಂಚು ಹಿಡಿದಿದ್ದರು. ಅಂದಿನ ಮೊದಲ ಕಲಾಪ ಪ್ರತಿನಿಧಿಗಳ ಅಹವಾಲು. ಅವರೆಲ್ಲರ ಪರವಾಗಿ ಮಾತಾಡಲು ಬಂದವರು ನಮ್ಮ ಲೀಡರ್. ಭಾವನ ವಿಷಯ ಆಮೇಲೆ. ಭಾವ ಕೈಗಳನ್ನು ಮೇಜಿನ ಮೇಲೆ ಚಾಚಿ, ಬಟ್ಟೆಯ ಸುಕ್ಕು ತೆಗೆಯುವವರಂತೆ ಅಂಗೈ ಸವರುತ್ತಾ ಕೂತಿದ್ದರು.

ಲೀಡರ್ ಗರಿಗರಿ ಅಂಗಿಯಲ್ಲಿ ಬಂದರು. ಬಗ್ಗಿದರೆ ಸದ್ದಾಗುವಂಥ ಗರಿ. ಸೊಗಸಾಗಿ ಮಾತಾಡಿದರು. ಬೆಳಗಾದರೆ ಮನೆ ಮುಂದೆ ಜನ, ಒಬ್ಬರಿಗೆ ಆಸ್ಪತ್ರೆ, ಒಬ್ಬರಿಗೆ ಮಗಳ ಫೀಸು, ಇಲ್ಲ ಅನ್ನಲು ಬಾಯಿ ಬರುವುದಿಲ್ಲ, ಕೊಟ್ಟು ಕೊಟ್ಟು ತಿಂಗಳ ಕೊನೆಗೆ ಏನೂ ಉಳಿಯುವುದಿಲ್ಲ. ನನಗೇ ಅವರಿಗೊಂದು ಟೀ ಕೊಡಿಸೋಣ ಎನ್ನಿಸಿತು.

“ನಿಮಗೆ ಲೆಕ್ಕ ಬೇಕಾ?” ಎಂದು ದನಿ ಏರಿಸಿದರು. “ನನ್ನ ಲೆಕ್ಕ ಇಲ್ಲಿದೆ. ನೋಡಿ, ಖಾಲಿ!”

ಎರಡು ಬೆರಳು ಜೇಬಿನ ಬಾಯಿಗೆ ಹೋದವು. ಗಂಜಿಗೆ ಅಂಟಿಕೊಂಡಿದ್ದ ಜೇಬು ತೆರೆಯಲಿಲ್ಲ. ಜೋರಾಗಿ ಎಳೆದರು. ಚರ್ರೆಂದು ಬಿಟ್ಟುಕೊಂಡಿತು. ಅಭ್ಯಾಸದಂತೆ ಸಭೆಯ ಕಡೆ ಬಾಗಿ, ಎಲ್ಲರಿಗೂ ಕಾಣುವ ಹಾಗೆ ಅತ್ತ ಒಮ್ಮೆ ಇತ್ತ ಒಮ್ಮೆ ತಿರುಗಿದರು. ಜನರ ಮುಖ ನೋಡುತ್ತಿದ್ದ ಅವರೊಬ್ಬರನ್ನು ಬಿಟ್ಟು ಮಿಕ್ಕೆಲ್ಲರಿಗೂ ಕಂಡಿತು: ಚಪ್ಪಟೆಯಾಗಿ ಇಸ್ತ್ರಿಯಾದ ದೊಡ್ಡ ನೋಟುಗಳು, ಅಂಚಿಗೆ ಅಂಚು ಸೇರಿ, ಜೇಬಿನ ಬಾಯಲ್ಲಿ ಇಣುಕುತ್ತಿದ್ದವು.

ಡ್ರೈವರಮ್ಮ ಮೇಜಿನ ಮೇಲೆ ಬಾಗಿ ನೋಡಿದರು. “ಖಾಲಿ ಅಂದ್ರೆ ಇಷ್ಟಾ ಸಾರ್?”

ಲೀಡರ್ ತಲೆ ತಗ್ಗಿಸಿ ನೋಡಿಕೊಂಡರು. ಮುಖ ಹುಳ್ಳಗಾಯಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

“ಆ ಹಣ ಯಾರದು?” ಎಂದರು ಜಡ್ಜಮ್ಮ.

“ನಂದು—” ಎಂದರು ಲೀಡರ್. ಖಾಲಿ ಎಂದು ಈಗಷ್ಟೇ ಹೇಳಿದ್ದು ನೆನಪಾಗಿರಬೇಕು. “ನಂದಲ್ಲ. ಅಂದ್ರೆ, ಪಕ್ಷದ್ದು.”

“ಪಕ್ಷಕ್ಕೆ ಯಾರು ಕೊಟ್ಟರು?”

“ಅಭಿಮಾನಿಗಳು.”

“ಹೆಸರು?”

“ಪ್ರೀತಿಯಿಂದ ಕೊಡೋರ ಹೆಸರು ಕೇಳೋಕಾಗುತ್ತಾ ಮೇಡಂ?”

“ಬರ್ಕೊಂಡ್ರಾ?” ಎಂದು ಡ್ರೈವರಮ್ಮ ಗುಮಾಸ್ತನನ್ನು ಕೇಳಿದರು. ಬರೆದುಕೊಂಡಿದ್ದ.

ಲೀಡರ್ ನಿಧಾನವಾಗಿ ತಲೆಯೆತ್ತಿ ಭಾವನನ್ನು ನೋಡಿದರು. ಆ ನೋಟದ ಬಿಸಿಗೆ ಇಸ್ತ್ರಿಪೆಟ್ಟಿಗೆಯೇ ಬೇಕಿರಲಿಲ್ಲ. ಭಾವ ಅವರ ಕಾಲರನ್ನು ನೋಡುತ್ತಾ ಕೂತಿದ್ದರು.

ಲೀಡರ್ ಇಳಿದು ಹೋದ ಮೇಲೆ ಜಡ್ಜಮ್ಮ ಭಾವನ ಕಡೆ ತಿರುಗಿದರು. “ನಿಮ್ಮ ವಿಷಯ?”

“ನನ್ನ ಡಬ್ಬದಲ್ಲಿ ಈಗ ಏನೂ ಇಲ್ಲಮ್ಮ. ಕೈಗೆ ಕೊಟ್ರೆ ಬೇಡ ಅಂದಿದ್ರು. ಎಲ್ಲಿ ಸಿಕ್ಕಿತ್ತೋ ಅಲ್ಲಿಗೇ ಸೇರಿಸಿದೀನಿ.”

“ಅಂದರೆ ಅದು ಯಾರ—” ಎಂದು ಶುರು ಮಾಡಿದವರು ಅರ್ಧಕ್ಕೇ ನಿಲ್ಲಿಸಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. “ಸರಿ. ಕೂತ್ಕೊಳ್ಳಿ.”

ಕ್ಯಾಷಿಯರು ಏನೋ ಹೇಳಲು ಹೊರಟರು. ಡ್ರೈವರಮ್ಮ ತಮ್ಮ ಫ್ಲಾಸ್ಕಿನಿಂದ ಒಂದು ಲೋಟ ಟೀ ಸುರಿದು ಭಾವನ ಕಡೆ ಸರಿಸಿದರು. ಠರಾವು ಇದ್ದರೂ ಯಾರೂ ಆಕ್ಷೇಪಿಸಲಿಲ್ಲ. ಭಾವ ಮಾತ್ರ ಎದ್ದು ನಿಂತು, “ಇವರಿಂದ ನಂಗೆ ಒಂದು ಲೋಟ ಟೀ ಬಂದಿದೆ,” ಎಂದು ಸಭೆಗೆ ತಿಳಿಸಿ ಕುಡಿದರು.

ಪ್ರತಿನಿಧಿಗಳು ತಮ್ಮ ಸಂಬಳ ತಾವೇ ಏರಿಸಿಕೊಳ್ಳುವಂತಿಲ್ಲ, ಪ್ರತಿ ಸಲವೂ ಹೊಸದಾಗಿ ಚೀಟಿ ಎತ್ತಿದ ಜನರೇ ಹೇಳಬೇಕು. ಪಕ್ಷಕ್ಕೆ ಯಾರು ಬಿಡಿಗಾಸು ಕೊಟ್ಟರೂ ಕೊಟ್ಟವರ ಹೆಸರು ಊರಿಗೆ ಕಾಣುವಂತೆ ಗೋಡೆಗೆ ಬರಬೇಕು—ಇದು ಸಮಿತಿ ಬರೆದುಕೊಟ್ಟದ್ದು. ಸರ್ಕಾರ ‘ಕೂಲಂಕಷವಾಗಿ ಪರಿಶೀಲಿಸುತ್ತಿದೆ’. ಪರಿಶೀಲನೆ ಇನ್ನೂ ಮುಗಿದಿಲ್ಲ. ಮುಗಿಯುತ್ತದೆಂದು ನನಗೂ ನಂಬಿಕೆ ಇಲ್ಲ, ಮುಗಿಯದಿರಲಿ ಎಂದು ಹಾರೈಸುವವರ ಹೆಸರು ಯಾವ ಗೋಡೆಯ ಮೇಲೂ ಇಲ್ಲ.

ಬೀದಿಯಲ್ಲಿ ಎರಡು ಪಕ್ಷವಾದವು. ಇಸ್ತ್ರಿಯಣ್ಣ ಬೇಕೆಂದೇ ಲೀಡರ್ ಮಾನ ತೆಗೆದ ಎಂದು ಒಂದು. ಜಾಗ ಹೋಗುತ್ತೆ ಅಂದರೂ ಬಾಯಿ ಬಿಡಲಿಲ್ಲ ನೋಡು ಎಂದು ಇನ್ನೊಂದು. “ಬೇಕು ಅಂತ್ಲೇ ಮಾಡಿದ್ರಾ ಭಾವ?” ಎಂದು ನಾನೇ ಕೇಳಿದೆ. “ಬೇಡ ಅಂದಿದ್ದನ್ನ ನಾನು ಇಟ್ಕೊಂಡು ಏನು ಮಾಡ್ಲಿ?” ಎಂದರು. ಅದು ಉತ್ತರವಲ್ಲ. ಆದರೆ ಅವರ ಹತ್ತಿರ ಅದಕ್ಕಿಂತ ಹೆಚ್ಚು ಯಾವತ್ತೂ ಸಿಕ್ಕುವುದಿಲ್ಲ.

ಒಂದು ದಿನ ಮೇಷ್ಟ್ರ ಕೋಟು ಬಂತು. ಜೇಬಿನ ಕಿವಿಗಳು ಜೋಲು ಬಿದ್ದಿರಲಿಲ್ಲ. ಭಾವ ಜೇಬಿಗೆ ಕೈಹಾಕಿದರು, ತೆಗೆದರು, ಡಬ್ಬಕ್ಕೆ ಹಾಕಿದರು. ಟಣ್ ಎಂದಿತು. ಏನೆಂದು ನಾನು ಕೇಳಲಿಲ್ಲ. ಭಾವ ಅಂದು ಗುನುಗುತ್ತಾ ಇಸ್ತ್ರಿ ಮಾಡಿದರು. ರಾತ್ರಿ ಊಟಕ್ಕೆ ಕೂತಾಗ ಅಕ್ಕ ನನ್ನ ತಟ್ಟೆಗೂ ಎರಡನೆಯ ಸಲ ಸಾರು ಬಡಿಸಿದಳು.

ಲೀಡರ್ ಮುಳುಗಿದರೆಂದು ನೀವು ತಿಳಿದರೆ ಅವರನ್ನು ನೀವು ಬಲ್ಲವರಲ್ಲ. ಮುಂದಿನ ಭಾಷಣದ ಸಭೆಗೇ ಹೊಸ ಬಗೆಯ ಅಂಗಿಯಲ್ಲಿ ಬಂದರು. ಎದೆ ಬೋಳು. “ಜೇಬಿದ್ದರೆ ತಾನೆ ಅನುಮಾನ? ಇವತ್ತಿನಿಂದ ನನ್ನ ಅಂಗಿಗೆ ಜೇಬೇ ಇಲ್ಲ!” ಎಂದು ಎದೆ ತಟ್ಟಿಕೊಂಡರು. ಚಪ್ಪಾಳೆ ನಿಲ್ಲಲಿಲ್ಲ. ವಾರದೊಳಗೆ ಅವರ ಹಿಂಬಾಲಕರೆಲ್ಲ ಜೇಬು ಕಿತ್ತಿಸಿಕೊಂಡು ತಿರುಗತೊಡಗಿದರು. ಅಂಗಿಗಳು ಭಾವನ ಅಂಗಡಿಗೇ ಬರುತ್ತವೆ. ನಿಲ್ಲಿಸಿದರೆ ಬೀದಿ ಕೂಡಿಸಿ ನೋಡುತ್ತದೆ.

ಮೊನ್ನೆ ನಾನು ಅಂಗಡಿಯಲ್ಲಿ ಕೂತಿದ್ದಾಗ ಅಂಥದೇ ಒಂದು ಬೋಳೆದೆಯ ಬಿಳಿ ಅಂಗಿ ಮೇಜಿನ ಮೇಲೆ ಬಂತು. ಭಾವನ ಕೈ ಅಭ್ಯಾಸಬಲದಿಂದ ಎಡ ಎದೆಗೆ ಹೋಗಿ, ಏನೂ ಸಿಗದೆ ಸುಮ್ಮನೆ ಬಟ್ಟೆ ಸವರಿತು. ನೀರಿನ ಬಾಟಲಿ ಎತ್ತಿಕೊಂಡವರು ಚಿಮುಕಿಸಲಿಲ್ಲ. ಅಂಗಿಯನ್ನು ಒಳಮೈ ಹೊರಗೆ ಮಾಡಿದರು. ಕಂಕುಳ ಕೆಳಗೆ ಹೊಲಿಗೆಯ ಹತ್ತಿರ ಅವರ ಬೆರಳು ಒಂದು ಗಳಿಗೆ ನಿಂತಿತು. ಬೆನ್ನು ನನ್ನ ಕಡೆ ಮಾಡಿ ನಿಂತರು. ಆಮೇಲೆ ಡಬ್ಬದ ಮುಚ್ಚಳ ತೆಗೆದ ಸದ್ದಾಯಿತು, ಹಾಕಿದ ಸದ್ದಾಯಿತು.

“ಭಾವ, ಅದು ಜೇಬೇ ಇಲ್ಲದ ಅಂಗಿ ಅಲ್ವಾ?” ಎಂದೆ.

ಭಾವ ಇಸ್ತ್ರಿಪೆಟ್ಟಿಗೆಯ ಬಿಸಿ ನೋಡಿದರು.

“ಅದನ್ನೂ ನಾನು ಹೇಳೋ ಹಾಗಿಲ್ಲ ಕಣೋ,” ಎಂದರು.